ಮರದ ಹಿಂದಿನ ಗಡಿಯಾರ

ಮರದ ಹಿಂದೆ ನಿಂತು ಯಾರಾದರೂ ಒಳ್ಳೆಯ ಕೆಲಸ ಮಾಡಿದ್ದನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ. ಮರದ ಮುಂದೆ ನಿಂತು ಮಾಡಿದವರನ್ನು ಬೇಕಾದಷ್ಟು ಕಂಡಿದ್ದೇನೆ. ನೀರು ಕೊಡುವವರು, ದಾರಿ ಹೇಳುವವರು, ಪಂಕ್ಚರ್ ತಿದ್ದುವವರು ಎಲ್ಲರೂ ಮುಂದೆಯೇ ಇರುತ್ತಾರೆ. ಹಿಂದೆ ನಿಲ್ಲುವವರಲ್ಲಿ ಎರಡೇ ಬಗೆ. ತಂಬಿಗೆ ಹಿಡಿದು ಹೋದವರು ಮತ್ತು ಗಡಿಯಾರ ಹಿಡಿದ ಪೊಲೀಸರು. ಮೊದಲನೆಯವರ ಮೇಲೆ ನನಗೆ ಸಿಟ್ಟಿಲ್ಲ.

ನಾನು ಹುಬ್ಬಳ್ಳಿಯ ಸ್ಟೇಶನ್ ಮುಂದೆ ಟ್ಯಾಕ್ಸಿ ಓಡಿಸುವವನು. ಮೂರನೇ ಇಯತ್ತೆ ಮುಗಿಸಿ ನಾಲ್ಕನೆಯದಕ್ಕೆ ಹೊರಟ ದಿನವೇ ಅಪ್ಪ ಟಾಂಗಾದ ಲಗಾಮು ಕೈಗೆ ಕೊಟ್ಟ. ಕುದುರೆ ಹೋಯಿತು, ಕಾರು ಬಂತು, ನಾಲ್ಕನೇ ಇಯತ್ತೆ ಮಾತ್ರ ಬರಲೇ ಇಲ್ಲ. ಎರಡು ಸಾಲು ಬರೆದರೆ ಬೆರಳು ನೋಯುತ್ತವೆ. ಆದರೂ ಬರೆಯಲು ಕೂತಿದ್ದೇನೆ. ಆ ಗಡಿಯಾರ ತಪ್ಪು ಎಂದು ನಾಲ್ಕು ಮಂದಿಗೆ ತಿಳಿಯಬೇಕು. ಅಲ್ಲದೆ ನನಗೊಬ್ಬಳು ಮೊಮ್ಮಗಳಿದ್ದಾಳೆ, ಅದೂ ನಾಲ್ಕು ಮಂದಿಗೆ ತಿಳಿಯಬೇಕು. ಎರಡನೆಯದನ್ನೇ ಮೊದಲು ಬರೆಯಬೇಕಿತ್ತು ಎಂದು ನನ್ನ ಹೆಂಡತಿ ನೀಲವ್ವ ಒಲೆಯ ಮುಂದಿನಿಂದ ಹೇಳುತ್ತಿದ್ದಾಳೆ. ಇರಲಿ, ಬರುತ್ತೇನೆ ಅಲ್ಲಿಗೂ.

ನನ್ನ ಕಾರು ಬಿಳಿಯರ ಕಾಲದ್ದು. ಯಾವನೋ ಸಾಹೇಬ ವಿಲಾಯತಿಗೆ ಹೋಗುವಾಗ ಬಿಟ್ಟುಹೋದದ್ದು. ಸ್ಟ್ಯಾಂಡಿನವರು ಅದಕ್ಕೆ ಎಮ್ಮೆ ಅನ್ನುತ್ತಾರೆ. ಬಣ್ಣ ಕಪ್ಪಗಿದೆ, ಅದಕ್ಕೆ ಅನ್ನುತ್ತಾರೆ ಎಂದು ಬಹಳ ದಿನ ತಿಳಿದಿದ್ದೆ. ನಡಿಗೆಯನ್ನು ನೋಡಿ ಅನ್ನುತ್ತಿದ್ದರಂತೆ.

ಈಗ ಗಡಿಯಾರದ ಮಾತು. ಹುಬ್ಬಳ್ಳಿ ಧಾರವಾಡ ರಸ್ತೆಯಲ್ಲಿ ಕಾರು ಲಾರಿಗಳು ಹೆಚ್ಚಾದ ಮೇಲೆ ಪೊಲೀಸರು ಹೊಸದೊಂದು ಬೇಟೆ ಕಲಿತರು. ಒಂದು ಫರ್ಲಾಂಗು ಕಲ್ಲಿನ ಹತ್ತಿರ ಒಬ್ಬ ಪೊಲೀಸ ಬಿಳಿ ಕರವಸ್ತ್ರ ಹಿಡಿದು ಪೊದೆಯಲ್ಲಿ ಕೂರುತ್ತಾನೆ. ಮುಂದಿನ ಫರ್ಲಾಂಗು ಕಲ್ಲಿನ ಹತ್ತಿರ ಹವಾಲ್ದಾರ ಮರದ ಹಿಂದೆ ಗಡಿಯಾರ ಹಿಡಿದು ನಿಲ್ಲುತ್ತಾನೆ. ಗಾಡಿ ಮೊದಲ ಕಲ್ಲು ದಾಟಿದೊಡನೆ ಇವನು ಕರವಸ್ತ್ರ ಬೀಸಬೇಕು, ಅದನ್ನು ಕಂಡೊಡನೆ ಅವನು ಗಡಿಯಾರ ಒತ್ತಬೇಕು. ಗಾಡಿ ಅವನ ಮುಂದೆ ಬರುವ ಹೊತ್ತಿಗೆ ಅದರ ವೇಗ ಎಷ್ಟೆಂದು ಲೆಕ್ಕ ಸಿಕ್ಕಿರುತ್ತದೆ. ಹೆಚ್ಚಾಗಿದ್ದರೆ ಮರದ ಹಿಂದಿನಿಂದ ಹಾರಿ ಬಂದು ಅಡ್ಡ ನಿಲ್ಲುತ್ತಾನೆ, ದಂಡ ಹಾಕಿ ಪಾವತಿ ಹರಿದು ಕೊಡುತ್ತಾನೆ.

ಇದು ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮ ಸ್ಟ್ಯಾಂಡಿನಲ್ಲಿ ದಿನಾ ಜಗಳ. ಫಕೀರಪ್ಪ ಎಂಬ ಡ್ರೈವರನ ಅಭಿಪ್ರಾಯ ದಿನಕ್ಕೊಂದು. ತಾನು ಸಿಕ್ಕ ದಿನ ಗಡಿಯಾರ ಕೆಟ್ಟದ್ದು, ಲಾರಿಯವರು ಸಿಕ್ಕ ದಿನ ಒಳ್ಳೆಯದು. ನಿಜವಾದ ಎದುರಾಳಿ ಎಂದರೆ ನನ್ನ ಗೆಳೆಯ ಖಾದರಸಾಹೇಬ. ಗಬ್ಬೂರಿನವನು. ಅವನೂ ಟ್ಯಾಕ್ಸಿಯವನೇ, ಆದರೆ ಪೊಲೀಸರ ಪಕ್ಷ.

"ಗಡಿಯಾರ ಛಲೋನ ಐತಿ ಚನ್ನಪ್ಪಣ್ಣ," ಎಂದ ಒಂದು ದಿನ ಚಹಾ ಕುಡಿಯುತ್ತ. "ನಮ್ಮ ಗಬ್ಬೂರಿಗೆ ಬಂದ ನೋಡು. ಹುಡುಗ್ರು ಸಾಲಿಗೆ ಹೋಗೂ ಹೊತ್ತಿನ್ಯಾಗ ಲಾರಿ ಹೆಂಗ ಬರ್ತಾವು ಅಂದ್ರ, ರಸ್ತಾ ದಾಟಾಕ ಕೋಳಿನೂ ವಿಚಾರ ಮಾಡ್ತಾವು."

"ಛಲೋ ಇದ್ರ ಗಿಡದ ಹಿಂದ ಯಾಕ ನಿಲ್ತಾರ? ರಸ್ತಾದ ಮ್ಯಾಗ ಖುರ್ಚಿ ಹಾಕ್ಕೊಂಡ ಕುಂದ್ರಲಿ."

"ಕುಂತ್ರ ಅಲ್ಲಿ ಅಷ್ಟ ಸಾವಕಾಶ ಹೋಗ್ತಾರ. ಕಾಣಲಿಲ್ಲಂದ್ರ ಎಲ್ಲಾ ಕಡೆ ಸಾವಕಾಶ ಹೋಗ್ತಾರ. ದೇವರೂ ಕಾಣಂಗಿಲ್ಲಲ್ಲ?"

"ದೇವರ ಪಾವತಿ ಹರದ ಕೊಡಂಗಿಲ್ಲ," ಎಂದೆ. ಚಹಾದಂಗಡಿ ಪೂರಾ ನಕ್ಕಿತು. ನಕ್ಕ ಮೇಲೆ ವಾದ ಗೆದ್ದ ಹಾಗೆಯೇ.

ಗೆದ್ದ ಹುರುಪಿನಲ್ಲಿ ನಾನೊಂದು ಉಪಾಯ ಹೂಡಿದೆ. ಎದುರಿಗೆ ಬರುವ ನಮ್ಮವರಿಗೆ ಸುದ್ದಿ ಮುಟ್ಟಿಸಲು ಒಂದು ಸನ್ನೆ ಬೇಕು. ಕಿಟಕಿಯಿಂದ ಕೈ ಹೊರಗೆ ಹಾಕಿ, ಗೋಡೆ ಗಡಿಯಾರದ ನಾಲಿಗೆ ಆಡುವ ಹಾಗೆ ಆಚೆ ಈಚೆ ತೂಗಬೇಕು. ತೂಗಿದರೆ ಮುಂದೆ ಗಡಿಯಾರ ಇದೆ ಎಂದು ಅರ್ಥ. ವಾರದೊಳಗೆ ಲಾರಿಯವರು, ಬಸ್ಸಿನವರು ಎಲ್ಲರೂ ತೂಗತೊಡಗಿದರು. ಖಾದರಸಾಹೇಬನೂ ತೂಗುತ್ತಿದ್ದ. "ಅಭಿಪ್ರಾಯ ಬ್ಯಾರೆ, ದೋಸ್ತಿ ಬ್ಯಾರೆ" ಎನ್ನುತ್ತಿದ್ದ.

ಇನ್ನು ಮೊಮ್ಮಗಳು. ನನ್ನ ಮಗ ಬಸವರಾಜನ ಹೆಂಡತಿಯ ತವರು ಧಾರವಾಡದ ಆಚೆ ಮುಗದ. ಚೊಚ್ಚಲ ಬಾಣಂತನ ಅಲ್ಲಿಯೇ ಆಯಿತು. ಹೆಣ್ಣು ಕೂಸು ಎಂಬ ಸುದ್ದಿ ಬಂದ ದಿನ ನಾನು ಸ್ಟೇಶನ್ ಮುಂದೆ ಎಲ್ಲರಿಗೂ ಸಕ್ಕರೆ ಹಂಚಿದೆ. ಗೊತ್ತಿಲ್ಲದ ಪ್ಯಾಸೆಂಜರರಿಗೂ ಹಂಚಿದೆ. ಒಬ್ಬ ಸಕ್ಕರೆ ಕಾಯಿಲೆಯವನಿಗೆ ಬಾಯಿಗೇ ಹಾಕಿದೆ, ಅವನು ನನ್ನ ಮೋರೆ ನೋಡಿ ನುಂಗಿದ. ಟಾಂಗಾದ ಕುದುರೆಗಳಿಗೂ ಒಂದೊಂದು ಚಿಟಿಕೆ ಸಂದಿತು.

ತೊಟ್ಟಿಲು ಹಾಕುವ ದಿನ ಬಂತು. ನಮ್ಮ ಕಡೆಯ ಪದ್ಧತಿ ಹೀಗೆ. ಕೂಸಿನ ಹೆಸರನ್ನು ಮೊದಲು ಹೇಳುವ ಹಕ್ಕು ಸೋದರತ್ತೆಯದು. ಅವಳು ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು, ಹೇಳಿದೊಡನೆ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅಲ್ಲಿಯವರೆಗೆ ಆ ಹೆಸರು ಅದನ್ನು ಆರಿಸಿದ ನಮ್ಮ ಮನೆಯವರ ಹೊರತು ಯಾರ ಕಿವಿಗೂ ಬೀಳಬಾರದು. ಸೋದರತ್ತೆ ಎಂದರೆ ನನ್ನ ಮಗಳು ಶಾಂತಾ. ಅವಳನ್ನೂ ನೀಲವ್ವನನ್ನೂ ಕಾರಿನಲ್ಲಿ ಕೂಡಿಸಿಕೊಂಡು ನಾನು ಮುಗದಕ್ಕೆ ಮುಟ್ಟಿಸಬೇಕು, ಅದೂ ರಾಹುಕಾಲ ಹತ್ತುವ ಮೊದಲು. ತಪ್ಪಿದರೆ ಹೆಸರಿಡುವುದನ್ನು ತನ್ನ ಸೊಸೆಯ ಕೈಯಿಂದ ಮುಗಿಸಿಬಿಡುತ್ತೇನೆಂದು ಬೀಗಿತ್ತಿ ಮೊದಲೇ ಹೇಳಿ ಕಳಿಸಿದ್ದಳು. "ಡ್ರೈವರ್ ಆದವ್ರಿಗೆ ಇದೊಂದ ದಿನ ಲಗೂ ಬರಾಕ ಹೇಳ್ರಿ" ಎಂದೂ ಸೇರಿಸಿದ್ದಳಂತೆ. ಶಾಂತಾ ಹಿಂದಿನ ರಾತ್ರಿಯಿಂದ ಯಾರ ಜೊತೆಗೂ ಮಾತಾಡಿರಲಿಲ್ಲ. ಹೆಸರು ಎಲ್ಲಿ ಬಾಯಿಂದ ಜಾರುವುದೋ ಎಂಬ ಭಯ.

ಹೊರಡುವುದು ತಡವಾಯಿತು, ಏಕೆ ಎಂದು ಕೇಳಬೇಡಿ. ಎಮ್ಮೆಗೆ ಮಾವಿನ ತೋರಣ ಕಟ್ಟುತ್ತಿದ್ದೆ. ಉಣಕಲ್ಲ ಕೆರೆ ದಾಟಿ ನವಲೂರಿನ ಪೇರಲ ತೋಟಗಳ ಹತ್ತಿರ ಬಂದೆವು. ಅಲ್ಲಿ ರಸ್ತೆ ನೆಟ್ಟಗೆ, ಸ್ವಲ್ಪ ಇಳಿಜಾರು. ಎದುರಿನಿಂದ ಖಾದರಸಾಹೇಬನ ಟ್ಯಾಕ್ಸಿ ಬಂತು. ಅವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈಯನ್ನು ಆಚೆ ಈಚೆ, ಆಚೆ ಈಚೆ ತೂಗಿದ.

ಆ ಸನ್ನೆ ಹುಟ್ಟಿಸಿದವನು ನಾನು. ಇಡೀ ಜಿಲ್ಲೆಗೆ ಕಲಿಸಿದವನು ನಾನು. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ತೂಗುವ ವಸ್ತು ಲೋಕದಲ್ಲಿ ಒಂದೇ ಇತ್ತು. "ನೋಡ ನೀಲಾ, ಖಾದರ ತೊಟ್ಟಿಲ ತೂಗಾಕತ್ತಾನ. ಎಷ್ಟ ನೆನಪಿಟ್ಟಾನ ನೋಡು," ಎಂದವನೇ ಹೆಗಲ ಮೇಲಿನ ಬಿಳಿ ವಸ್ತ್ರ ಎಳೆದು ಕಿಟಕಿಯ ಹೊರಗೆ ಜೋರಾಗಿ ಬೀಸಿದೆ. ಖಾದರಸಾಹೇಬ ಹಣೆ ಬಡಿದುಕೊಂಡದ್ದು ಕನ್ನಡಿಯಲ್ಲಿ ಕಂಡಿತು. ಸಂತೋಷಕ್ಕೆ ಎಂದುಕೊಂಡೆ.

ಅಷ್ಟರಲ್ಲಿ ಹುಣಸೆ ಮರದ ಹಿಂದಿನಿಂದ ಹವಾಲ್ದಾರ ಹಾರಿ ಬಂದ. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಅರ್ಧ ತಿಂದ ಪೇರಲ ಹಣ್ಣು.

"ಎಷ್ಟ ಜೋರ ಬಂದಿ ಗೊತ್ತೈತೇನ? ಅರವತ್ತ ಮೈಲ."

ಅರವತ್ತು. ನನ್ನ ಎಮ್ಮೆ. ಸುಳ್ಳು ಹೇಳುವುದಿಲ್ಲ, ನನ್ನ ಎದೆ ಒಂದು ಗೇಣು ಉಬ್ಬಿತು. ಇಷ್ಟು ವರ್ಷ ಸ್ಟ್ಯಾಂಡಿನವರು ಆಡಿಕೊಂಡದ್ದಕ್ಕೆಲ್ಲ ಸರಕಾರವೇ ಉತ್ತರ ಕೊಟ್ಟಿತ್ತು. ಅದು ತಪ್ಪೆಂದು ಹೇಳಿದರೆ ಬಿಡುಗಡೆ, ಆದರೆ ಹೇಳಲು ನಾಲಿಗೆ ಏಳಲಿಲ್ಲ. "ಇಷ್ಟಕ್ಕ ಜೋರ ಅಂದ್ರ ಹೆಂಗ್ರಿ? ಖಾಲಿ ಇದ್ದಾಗ ಇನ್ನೂ ಹೋಗ್ತೈತಿ," ಎಂದುಬಿಟ್ಟೆ.

ಹಿಂದಿನಿಂದ ನೀಲವ್ವ, "ಹವಾಲ್ದಾರ್ರ, ಇವರ ಮಾತ ಕೇಳಬ್ಯಾಡ್ರಿ. ನಮ್ಮ ಹಿಂದ ಹೊಂಟಿದ್ದ ಚಕ್ಕಡಿ ಬಂತ ನೋಡ್ರಿ, ಅವನ್ನ ಕೇಳ್ರಿ ಬೇಕಾದ್ರ," ಎಂದಳು. ನಿಜಕ್ಕೂ ಒಂದು ಚಕ್ಕಡಿ ದೂರದಲ್ಲಿ ಬರುತ್ತಿತ್ತು. ಸ್ವಂತ ಹೆಂಡತಿ ಹೀಗೆ ಅಂದರೆ ಗಂಡಸು ಎಲ್ಲಿಗೆ ಹೋಗಬೇಕು?

ಹವಾಲ್ದಾರ ಪೇರಲವನ್ನು ಜೇಬಿಗೆ ಸೇರಿಸಿ ಪೆನ್ಸಿಲ್ ತೆಗೆದ. "ಹೆಸರೇನ?"

ಬೆಳಗಿನಿಂದ ನನ್ನ ನಾಲಿಗೆಯ ತುದಿಯಲ್ಲಿ ಕೂತಿದ್ದದ್ದು ಒಂದೇ ಹೆಸರು. "ಸುಮಂಗಲಾ," ಎಂದೆ.

ಹವಾಲ್ದಾರ ನನ್ನ ಮೀಸೆ ನೋಡಿದ. "ಅಪ್ಪನ ಹೆಸರ?"

"ಬಸವರಾಜ."

"ವಯಸ್ಸ?"

"ಇನ್ನೂ ತಿಂಗಳ ತುಂಬಿಲ್ರಿ."

ಹಿಂದಿನಿಂದ ಒಂದು ಚೀರಾಟ ಬಂತು. ಹಿಂದಿನ ರಾತ್ರಿಯಿಂದ ಬಾಯಿ ಕಟ್ಟಿಕೊಂಡಿದ್ದ ಶಾಂತಾ. "ಅಪ್ಪಾ, ಹೆಸರ ಹೇಳಿಬಿಟ್ಟಿ. ಕೂಸಿನ ಕಿವಿಗೆ ಬೀಳೂಕಿಂತ ಮೊದಲ ಪೊಲೀಸರ ಕಿವಿಗೆ ಹಾಕಿದಿ. ನಾ ಇನ್ನ ಮುಗದಕ್ಕ ಹೋಗಿ ಏನ ಮಾಡ್ಲಿ?" ಎಂದು ಸೆರಗನ್ನು ಮೋರೆಗೆ ಹಿಡಿದಳು. ಅತ್ತೆಯಾಗುವ ಭಾಗ್ಯಕ್ಕೆ ಎಷ್ಟು ವರ್ಷ ಕಾದಿದ್ದಳೋ ಹುಡುಗಿ. ಅವಳ ಅಳು ನೋಡಿ ನನ್ನ ಅರವತ್ತು ಮೈಲೂ ಇಳಿದುಹೋಯಿತು. ಮೊದಲು ಹೆಸರು ಹೇಳಿದವರ ಬೆನ್ನಿಗೆ ಗುದ್ದಬೇಕು ಎಂಬ ಪದ್ಧತಿಯನ್ನು ನೀಲವ್ವ ಅಲ್ಲಿಯೇ ನಡೆಸಿದಳು, ಹಿಂದಿನ ಸೀಟಿನಿಂದ, ಎರಡೂ ಕೈಯಿಂದ.

ಆ ಹೊತ್ತಿಗೆ ಹಿಂದಿನ ಕಲ್ಲಿನಿಂದ ಕರವಸ್ತ್ರದ ಪೊಲೀಸ ಓಡುತ್ತ ಬಂದು ಮುಟ್ಟಿದ. "ಸಾಹೇಬ್ರ, ಇವರನ್ಯಾಕ ನಿಲ್ಲಿಸಿದ್ರಿ? ಸಾವಕಾಶನ ಬಂದಾರ. ನಾ ಆಗಲೇ ಬೀಸಿದ್ದೆರಿ. ನೀವು ಹಣ್ಣ ಕಡಿಯಾಕತ್ತಿದ್ರಿ, ನೋಡಲಿಲ್ಲ."

"ಮತ್ತ ನಾ ನೋಡಿದ್ದೇನ?"

ಎಲ್ಲರೂ ನನ್ನ ಹೆಗಲ ಮೇಲಿನ ಬಿಳಿ ವಸ್ತ್ರ ನೋಡಿದರು. ಎರಡು ಕಲ್ಲುಗಳ ನಡುವೆ ಅರ್ಧ ದಾರಿಯಲ್ಲಿ ನಾನು ಬೀಸಿದಾಗ ಹವಾಲ್ದಾರ ಗಡಿಯಾರ ಒತ್ತಿದ್ದ. ಅರ್ಧ ದಾರಿಗೆ ಪೂರಾ ದಾರಿಯ ಲೆಕ್ಕ ಹಿಡಿದು ಮೂವತ್ತನ್ನು ಅರವತ್ತು ಮಾಡಿದ್ದ. ಅದೂ ಇಳಿಜಾರಿನ ಮೂವತ್ತು.

ಹವಾಲ್ದಾರ ಒಳ್ಳೆಯ ಮನುಷ್ಯ. ಮರದ ಮುಂದೆ ಬಂದದ್ದರಿಂದ ಒಳ್ಳೆಯವನಾದ ಎಂದು ನನ್ನ ನಂಬಿಕೆ. ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಶಾಂತಾಳ ಕಿಟಕಿಯ ಹತ್ತಿರ ಬಂದ. "ಅಳಬ್ಯಾಡ ತಂಗಿ. ನನ್ನ ಈ ಕಿವಿ ಮೊದಲಿಂದ ಮಂದ. ನನಗೇನೂ ಕೇಳಿಲ್ಲ. ಇವನಿಗೆ ಕೇಳಿದ್ರ ಇವನೂ ಮರೀತಾನ. ಹೋಗಿ ಕುರ್ರ್ ಅಂದ ಬಾ," ಎಂದು ಗಾಡಿ ಬಿಡಿಸಿದ. ಹೊರಡುವಾಗ ನಾನು ತಲೆ ಹೊರಗೆ ಹಾಕಿ, "ನೋಡಿದ್ರಿಲ್ಲೊ, ಗಡಿಯಾರ ತಪ್ಪು," ಎಂದೆ. ನೀಲವ್ವ ಮತ್ತೊಮ್ಮೆ ಪದ್ಧತಿ ನಡೆಸಿದಳು.

ಮುಗದದ ಮನೆಯ ಮುಂದೆ ಕಾರು ನಿಂತಾಗ ಬೀಗಿತ್ತಿಯ ಸೊಸೆ ತೊಟ್ಟಿಲ ಹಗ್ಗ ಹಿಡಿದೇ ನಿಂತಿದ್ದಳು. ಶಾಂತಾ ಚಪ್ಪಲಿ ಅಂಗಳದಲ್ಲಿ ಬಿಟ್ಟು ಓಡಿ, ಬಗ್ಗಿ, ಏದುಸಿರಿನಲ್ಲೇ "ಕುರ್ರ್" ಅಂದಳು. ಹೆಂಗಸರು ಗುದ್ದಿದರು. ಎಲ್ಲರೂ ಹೆಸರನ್ನು ಅಂದೇ ಮೊದಲು ಕೇಳಿದವರ ಹಾಗೆ "ಸುಮಂಗಲಾ, ಸುಮಂಗಲಾ" ಎಂದರು. ನಾನೂ ಎಂದೆ. ಎಲ್ಲರಿಗಿಂತ ಜೋರಾಗಿ ಎಂದೆ. ಕೂಸು ಕಣ್ಣು ತೆರೆದು ನನ್ನೊಬ್ಬನನ್ನೇ ನೋಡಿತು. ಬೀಗಿತ್ತಿ ಅದು ಜಂತಿಯ ಕಡೆ ನೋಡಿದ್ದು ಎನ್ನುತ್ತಾಳೆ. ಅವಳಿಗೆ ದೃಷ್ಟಿ ಮಂದ.

ಈಗ ಸುಮಂಗಲಾ ಹುಬ್ಬಳ್ಳಿಯಲ್ಲಿ ನಮ್ಮ ಮನೆಯಲ್ಲಿದ್ದಾಳೆ. ನಡೆಯಲು ಕಲಿತಿದ್ದಾಳೆ. ನಡೆಯುತ್ತಾಳೆ ಎಂದರೆ ಹೊಸ್ತಿಲು ದಾಟಿ ನೆಟ್ಟಗೆ ರಸ್ತೆಗೆ. ನಮ್ಮ ಓಣಿಯಲ್ಲಿ ಈ ನಡುವೆ ಲಾರಿಗಳು ಬರತೊಡಗಿವೆ. ಎಷ್ಟು ಜೋರು ಬರುತ್ತವೆ ಎಂದರೆ ಕೋಳಿಯೂ ವಿಚಾರ ಮಾಡುತ್ತದೆ. ಈ ಮಾತು ಖಾದರಸಾಹೇಬನದು ಎಂದು ಕೆಲವರು ತಿಳಿದಿದ್ದಾರೆ. ತಿಳಿಯಲಿ. ಹಾಗಾಗಿ ಕೂಸು ಹೊರಗೆ ಆಡುವಷ್ಟು ಹೊತ್ತು ನಾನು ಮನೆ ಮುಂದಿನ ಬೇವಿನ ಮರದ ಹತ್ತಿರ ಬಿಳಿ ವಸ್ತ್ರ ಹಿಡಿದು ನಿಲ್ಲುತ್ತೇನೆ. ಗಾಡಿ ಮೂಲೆ ತಿರುಗಿದೊಡನೆ ಮನಸ್ಸಿನಲ್ಲಿ ಒಂದು ಎರಡು ಎಂದು ಹತ್ತರವರೆಗೆ ಎಣಿಸುತ್ತೇನೆ. ಎಣಿಕೆ ಮುಗಿಯುವ ಮೊದಲೇ ಬಂದರೆ ಹಾರಿ ಅಡ್ಡ ನಿಂತು ವಸ್ತ್ರ ಬೀಸುತ್ತೇನೆ, ಮಾತಿನಲ್ಲೂ ಎರಡು ಬೀಸುತ್ತೇನೆ.

ಮೊನ್ನೆ ಹೀಗೆ ಹಾರಿದಾಗ ಸಿಕ್ಕವನು ಖಾದರಸಾಹೇಬ. ಬ್ರೇಕು ಒತ್ತಿ, ಗಾಡಿ ನಿಲ್ಲಿಸಿ, ನನ್ನನ್ನೂ ಬೇವಿನ ಮರವನ್ನೂ ಎರಡೆರಡು ಸಲ ನೋಡಿದ.

"ಚನ್ನಪ್ಪಣ್ಣ, ಗಿಡದ ಹಿಂದ ಯಾರ ನಿಂತಿದ್ರು?"

"ನಾ ಎಲ್ಲಿ ಹಿಂದ ನಿಂತಿದ್ದೆ? ಗಿಡ ನನ್ನ ಮುಂದ ನಿಂತೈತಿ."

"ಅಂದ್ರ ಗಡಿಯಾರ ಛಲೋ ಅಂತ ಒಪ್ಪಿದಂಗಾತು."

"ಗಡಿಯಾರ ಎಲ್ಲಿ ಐತಿ ತೋರಿಸು," ಎಂದು ಎರಡೂ ಅಂಗೈ ಚಾಚಿದೆ. ಅವನು ಹುಡುಕಲಿಲ್ಲ. ಸುಮಂಗಲಾಳ ಗಲ್ಲ ಹಿಂಡಿ, ನಗುತ್ತ ಹೋದ.

ನಾನು ಅಭಿಪ್ರಾಯ ಬದಲಿಸುವವನಲ್ಲ. ಗಡಿಯಾರ ತಪ್ಪು ಎಂದರೆ ತಪ್ಪೇ. ಆದರೆ ಈಚೆಗೆ ಒಂದು ವಿಷಯ ಗಮನಕ್ಕೆ ಬಂದಿದೆ. ನಮ್ಮ ಓಣಿಯಿಂದ ಹೊರಗೆ ಹೋಗುವ ಡ್ರೈವರರೆಲ್ಲ ಎದುರಿಗೆ ಬರುವವರಿಗೆ ಕಿಟಕಿಯಿಂದ ಕೈ ಹೊರಗೆ ಹಾಕಿ ಆಚೆ ಈಚೆ ತೂಗುತ್ತಾರೆ. ಅದನ್ನು ನೋಡಿದರೆ ಸಾಕು, ಸುಮಂಗಲಾ ಕಟ್ಟೆಯ ಮೇಲೆ ನಿಂತು ತಾನೂ ಕೈ ತೂಗುತ್ತಾಳೆ. ಅವರು ಯಾಕೆ ತೂಗುತ್ತಾರೆಂದು ನನಗೆ ಗೊತ್ತಿಲ್ಲವೆಂದಲ್ಲ. ಆದರೂ ಅವಳ ಜೊತೆ ನಾನೂ ಮರದ ಹಿಂದೆಯೇ ನಿಂತು ಒಂದು ಕೈ ತೂಗಿಬಿಡುತ್ತೇನೆ.