ಸಾಶಾನ ದೃಷ್ಟಿಗೆ ಒಂದು ಪೊಟ್ಟಣ ಕಲ್ಲುಪ್ಪು

ಉಪ್ಪಿನಿಂದ ಯಾರಿಗಾದರೂ ಕೆಡುಕಾದದ್ದನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಸಾರಿಗೆ ಹೆಚ್ಚಾದರೆ ಇನ್ನೊಂದು ಲೋಟ ನೀರು ಸುರಿದರಾಯಿತು, ಅಷ್ಟೇ. ಹಾಗಿರುವಾಗ ಒಂದು ಪೊಟ್ಟಣ ಕಲ್ಲುಪ್ಪಿಗೋಸ್ಕರ ಹಾಲೆಂಡಿನವರು ನಡೆಯುತ್ತಿದ್ದ ಆಟವನ್ನೇ ನಿಲ್ಲಿಸಿ, ಅಷ್ಟು ಜನರ ಎದುರು ನನ್ನ ಕೈಚೀಲ ಜಾಲಾಡಿದರೆಂದರೆ, ಇದು ನ್ಯಾಯವೇ? ನೀವೇ ಹೇಳಿ!

ನಾನು ಮೈಸೂರಿನಿಂದ ಹಾಲೆಂಡಿನ ಆಲ್ಮೆರೆಗೆ ಹೋದದ್ದು ಮಗಳು ಗೀತಾಳ ಬಾಣಂತನಕ್ಕೆ. ಮೊಮ್ಮಗ ಹುಟ್ಟಿದ. ಮನೆಯವರೇ ಹೊಗಳಿದರೆ ಮಗುವಿಗೆ ದೃಷ್ಟಿಯಾಗುತ್ತದೆ ಅನ್ನುತ್ತಾರೆ, ಅದಕ್ಕೇ ನಾನು ಹೊಗಳುವುದಿಲ್ಲ. ಆ ದೇಶದಲ್ಲಿ ಅಷ್ಟು ಚೆಂದದ ಮಗು ಇನ್ನೊಂದಿರಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ದಿನಾ ದೀಪ ಹಚ್ಚುವ ಹೊತ್ತಿಗೆ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ ಹಿಡಿದು ದೃಷ್ಟಿ ತೆಗೆಯುತ್ತಿದ್ದೆ. ಅದಕ್ಕೆಂದೇ ಊರಿನಿಂದ ಕಲ್ಲುಪ್ಪು ಹೊತ್ತುಕೊಂಡು ಹೋಗಿದ್ದೆ. ಆ ದೇಶದ ಉಪ್ಪು ಪೌಡರಿನಂತೆ ನುಣ್ಣಗಿರುತ್ತದೆ, ದೃಷ್ಟಿ ಅದಕ್ಕೆಲ್ಲ ಹೆದರುವುದಿಲ್ಲ.

ಪಕ್ಕದ ಮನೆಯ ಮಹಡಿಯ ರೂಮಿನಲ್ಲಿ ಸಾಶಾ ಎಂಬ ರಷ್ಯದ ಹುಡುಗ ಬಾಡಿಗೆಗಿದ್ದ. ಹತ್ತೊಂಬತ್ತು ವರ್ಷ. ಐಸ್ ಹಾಕಿ ಆಡುವುದೇ ಅವನ ಉದ್ಯೋಗ. ಕಾಲಿಗೆ ಕತ್ತಿಯಂಥ ಬೂಟು ಕಟ್ಟಿಕೊಂಡು, ಮಂಜುಗಡ್ಡೆಯ ಮೇಲೆ ಕೋಲು ಹಿಡಿದು, ಒಂದು ಕಪ್ಪು ಬಿಲ್ಲೆಯನ್ನು ಅಟ್ಟಿಸಿಕೊಂಡು ಹೋಗುವುದಕ್ಕೆ ಸಂಬಳ! ಒಂದು ದಿನ ಅವನು ಮಗುವನ್ನು ನೋಡಲು ಬಂದ. ನೋಡಿದವನೇ ತನ್ನ ಎಡ ಭುಜದ ಕಡೆ ತಿರುಗಿ, "ತ್ಫೂ, ತ್ಫೂ, ತ್ಫೂ" ಎಂದು ಉಗಿದ.

ಗೀತಾ ಹೌಹಾರಿದಳು. ನಾನು ಹಿಗ್ಗಿ ಹೀರೇಕಾಯಾದೆ. "ನೋಡಿದ್ಯೇನೇ! ದೃಷ್ಟಿ ತಾಕಬಾರದು ಅಂತ ಉಗೀತಿದಾನೆ! ಇವನು ನಮ್ಮೋನೇ ಕಣೇ!"

ಅಳಿಯ ಮುರಳಿಯವರು ಇಂಗ್ಲಿಷಿನಲ್ಲಿ ವಿಚಾರಿಸಿದರು. ಹೌದಂತೆ! ಅವನ ಅಜ್ಜಿಯೂ ಹೀಗೇ ಮಾಡುತ್ತಾಳಂತೆ. ಅಂದಿನಿಂದ ಸಾಶಾ ನನ್ನ ಎರಡನೇ ಮೊಮ್ಮಗನಾದ. ಅವನಿಗೆ ಕನ್ನಡ ಬಾರದು, ನನಗೆ ರಷ್ಯನ್ ಇರಲಿ, ನಾಲ್ಕನೇ ಕ್ಲಾಸಿನಾಚೆಯ ಕನ್ನಡವೂ ಬಾರದು. ಆದರೆ ಬಿಸಿ ಚಪಾತಿಗೆ ಯಾವ ಭಾಷೆ ಬೇಕು? ಅವನು ನನ್ನನ್ನು "ಅಜ್ಜಿ" ಎನ್ನುತ್ತಿದ್ದ. ನಾನು "ಹಾಕಲಾ?" ಎನ್ನುತ್ತಿದ್ದೆ. ಸಂಸಾರ ಸುಖವಾಗಿತ್ತು.

ಅವನಿಗಿದ್ದ ಚಿಂತೆ ಒಂದೇ. ಕ್ಲಬ್ಬಿನವರು ಅವನನ್ನು ಪರೀಕ್ಷೆಗೆಂದು ಮಾತ್ರ ಕರೆಸಿಕೊಂಡಿದ್ದರು. ಚೆನ್ನಾಗಿ ಆಡಿದರೆ ವರ್ಷಕ್ಕೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಊರಿಗೆ ವಾಪಸ್. ಬಂದಾಗಿನಿಂದ ಒಂದು ಗೋಲೂ ಆಗಿರಲಿಲ್ಲ. ಹೊಡೆದದ್ದೆಲ್ಲ ಹೋಗಿ ಗೋಲಿನ ಕಂಬಕ್ಕೆ ಟಣ್! ಮುಂದಿನ ಶನಿವಾರದ ಆಟ ನೋಡಿ ಕೋಚು ತೀರ್ಮಾನ ಹೇಳುವವನಿದ್ದ.

ಇದೇನೆಂದು ನೋಡಿಯೇ ಬಿಡೋಣವೆಂದು ಮುರಳಿಯವರ ಕಾರಿನಲ್ಲಿ ಅದಕ್ಕೂ ಮುಂಚಿನ ಒಂದು ಆಟಕ್ಕೆ ಹೋದೆ. ಅಯ್ಯೋ, ಅದು ಆಟವೇ? ನೀಲಿ ಅಂಗಿಯ ಒಬ್ಬ ಕಟುಕ ನಮ್ಮ ಹುಡುಗನನ್ನು ಗೋಡೆಗೆ ಒತ್ತಿ ಚಟ್ನಿ ಅರೆದ ಹಾಗೆ ಅರೆದ. ಯಾರೂ ಕೇಳಲಿಲ್ಲ! ನಮ್ಮ ಹುಡುಗ ತಿರುಗಿ ಅವನನ್ನು ಕೋಲಿನಿಂದ ಹಗುರವಾಗಿ ಮುಟ್ಟಿದ. ಅವನು ಬಿದ್ದ. ನಿಲ್ಲಲು ಬಾರದವನು ಬಿದ್ದರೆ ಯಾರ ತಪ್ಪು? ಆದರೂ ರೆಫ್ರಿ ಪೀಪಿ ಊದಿ, ಎರಡು ಬೆರಳು ತೋರಿಸಿ, ನಮ್ಮ ಸಾಶಾನನ್ನೇ ಒಂದು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ.

"ಇದ್ಯಾವ ನ್ಯಾಯ? ಹೊಡೆದೋನು ಅವನು, ಕೂತೋನು ಇವನು!"

"ಎರಡು ನಿಮಿಷ ಪೆನಾಲ್ಟಿ ಅತ್ತೆ. ಆಟದ ರೂಲ್ಸು."

"ಅಂಗಡಿ ಮೀನಿನ ಥರ ಗಾಜಿನೊಳಗೆ ಇಟ್ಟಿದಾರಲ್ಲ! ಊರಿಗೆ ಊರೇ ಅವನನ್ನ ದುರುಗುಟ್ಕೊಂಡು ನೋಡ್ತಿದೆ!"

ಹೇಳುತ್ತಿದ್ದಂತೆಯೇ ನನಗೆ ಎಲ್ಲವೂ ಅರ್ಥವಾಯಿತು. ಆರಡಿ ಎತ್ತರ, ಬೆಣ್ಣೆಯಂಥ ಬಣ್ಣ, ಗಾಜಿನ ಪೆಟ್ಟಿಗೆ, ಸುತ್ತ ಅಷ್ಟೊಂದು ಕಣ್ಣು. ದೃಷ್ಟಿಯಾಗದೆ ಇನ್ನೇನಾಗುತ್ತದೆ? ಬಿಲ್ಲೆ ಕಂಬಕ್ಕೆ ಹೊಡೆಯದೆ ಇನ್ನೆಲ್ಲಿಗೆ ಹೊಡೆಯುತ್ತದೆ?

ಮರುದಿನವೇ ಅವನನ್ನು ಅಡುಗೆಮನೆಯಲ್ಲಿ ಕೂರಿಸಿ, ನಿವಾಳಿಸಿ, ಮೆಣಸಿನಕಾಯಿಯನ್ನು ಕಾದ ಬಾಣಲೆಗೆ ಸುರಿದೆ. ದೃಷ್ಟಿ ಎಷ್ಟಿತ್ತೆಂದರೆ ಘಾಟು ನಮ್ಮ ಮನೆ ದಾಟಿ ಆಚೆ ಮನೆಗೆ, ಆಚೆ ಮನೆಯಿಂದ ಅದರಾಚೆಯ ಮನೆಗೆ ಹೋಯಿತು. ಸಾಲಿಗೆ ಸಾಲೇ ಕೆಮ್ಮುತ್ತಾ ಬೀದಿಗೆ ಬಂತು. ಸಾಶಾನ ಮನೆಯೊಡತಿಯಂತೂ ಕಣ್ಣೀರು ಸುರಿಸುತ್ತಾ ಅಗ್ನಿಶಾಮಕ ದಳಕ್ಕೆ ಫೋನು ಮಾಡಿಬಿಟ್ಟಳು. ಹೆಲ್ಮೆಟ್ ಹಾಕಿದ ದೊಡ್ಡ ಆಳುಗಳು ಬಂದು ನನ್ನ ಬಾಣಲೆಯನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ತಾವೂ ಕೆಮ್ಮುತ್ತಾ ಹೋದರು.

"ಅಮ್ಮಾ, ಇನ್ಮೇಲೆ ಈ ಮನೇಲಿ ಬೆಂಕಿಗೆ ಮೆಣಸಿನಕಾಯಿ ಬಿದ್ರೆ ನಾನು ಸುಮ್ನಿರಲ್ಲ!" ಎಂದು ಗೀತಾ ಮಗುವನ್ನು ಎತ್ತಿಕೊಂಡು ಕೂಗಿದಳು. "ಬೇಕಿದ್ರೆ ಉಪ್ಪನ್ನ ನೀರಿಗೆ ಹಾಕು. ಅಷ್ಟೇ!"

ನೆನಪಿರಲಿ. ನೀರಿಗೆ ಹಾಕು ಎಂದವಳು ಅವಳು.

ಶನಿವಾರ ಬಂತು. ಆಟ ಮೂರು ಭಾಗ. ಎರಡು ಭಾಗ ಮುಗಿದರೂ ಸಾಶಾನದು ಅದೇ ಟಣ್, ಅದೇ ಕಂಬ. ನಮ್ಮ ತಂಡ ಒಂದು ಗೋಲು ಹಿಂದಿತ್ತು. ವಿರಾಮದಲ್ಲಿ ರೋಡ್ ರೋಲರಿನಂಥ ಬಂಡಿಯೊಂದು ಬಂದು ಮಂಜುಗಡ್ಡೆಯನ್ನು ನುಣ್ಣಗೆ ಒರೆಸತೊಡಗಿತು. ಮುರಳಿಯವರು ಕಾಫಿ ತರಲು ಹೋದರು. ನಾನು ನೆಟ್ಟಗೆ ಆಟಗಾರರ ಓಣಿಗೆ ಹೋದೆ. ಸೀರೆಯ ಮೇಲೆ ಅಳಿಯನ ಕೋಟು ಹಾಕಿಕೊಂಡ ಮುದುಕಿಯನ್ನು ಯಾರು ತಡೆಯುತ್ತಾರೆ? ಹೊರಗೆ ಬಂದ ಸಾಶಾ ನನ್ನ ಚೀಲ ನೋಡಿದ, ತಲೆ ಬಗ್ಗಿಸಿದ. "ನಾಯಿ ಕಣ್ಣು, ನರಿ ಕಣ್ಣು, ಕೋಚಿನ ಕಣ್ಣು, ಕಂಬದ ಕಣ್ಣು" ಎಂದು ಇಳಿ ತೆಗೆದೆ. ಇಬ್ಬರೂ ಸೇರಿ ತ್ಫೂ, ತ್ಫೂ, ತ್ಫೂ ಎಂದೆವು. ಅವನು ನಗುತ್ತಾ ಒಳಗೆ ಹೋದ.

ಈಗ ಉಪ್ಪನ್ನು ನೀರಿಗೆ ಹಾಕಬೇಕು. ನೀರೆಲ್ಲಿದೆ? ನನ್ನ ಕಣ್ಣೆದುರೇ ಮೈದಾನದಗಲ ಬಿದ್ದಿದೆಯಲ್ಲ! ಮಂಜುಗಡ್ಡೆ ಅಂದರೆ ನೀರೇ ತಾನೆ? ಉಪ್ಪು ಕರಗುತ್ತದೆ, ದೃಷ್ಟಿ ಕರಗುತ್ತದೆ. ಅದೂ ಎಲ್ಲಿ? ಅವನಿಗೆ ಅಡ್ಡ ನಿಂತ ಆ ಗೋಲಿನ ಮುಂದೆಯೇ! ಬಂಡಿ ಹೊರಗೆ ಬಂದ ಬಾಗಿಲು ಇನ್ನೂ ತೆರೆದಿತ್ತು. ಮೊದಲು ಒಂದು ಹಿಡಿ ಎಸೆದೆ. ಇಷ್ಟು ದಿನದ ಹಠಮಾರಿ ದೃಷ್ಟಿಗೆ ಒಂದು ಹಿಡಿ ಸಾಕೇ? ಪೊಟ್ಟಣವನ್ನೇ ಕೊಡವಿದೆ. ಸಾಸಿವೆ ಉರುಳಿತು. ಮೆಣಸಿನಕಾಯಿಗಳು ಜಾರುತ್ತಾ ಹೋಗಿ ಗೋಲಿನ ಹತ್ತಿರ ನಿಂತವು. ಕಣ್ತುಂಬಿ ಬಂತು.

ಮೂರನೇ ಭಾಗ ಶುರುವಾಯಿತು. ನೋಡುತ್ತೇನೆ, ಗೋಲು ಕಾಯುವ ನಮ್ಮ ಗೋಲಿಯವನು ಬಂದು ನನ್ನ ಉಪ್ಪಿನ ಎದುರು ನಿಂತಿದ್ದಾನೆ!

"ಅಳಿಯಂದಿರೇ, ಇವನು ಯಾಕೆ ಇಲ್ಲಿ ಬಂದ? ಇದು ಅವರ ಗೋಲಲ್ವಾ?"

"ವಿರಾಮ ಆದ್ಮೇಲೆ ಸೈಡ್ ಚೇಂಜ್ ಆಗುತ್ತೆ ಅತ್ತೆ. ಈಗ ಇದು ನಮ್ಮ ಗೋಲು."

ಇದನ್ನು ಮೊದಲೇ ಹೇಳಬಾರದೇ? ಇಂಥ ದೊಡ್ಡ ವಿಷಯವನ್ನು ಯಾರಾದರೂ ಕಾಫಿ ಕುಡಿಯುತ್ತಾ ಹೇಳುತ್ತಾರೆಯೇ?

ಅಷ್ಟರಲ್ಲಿ ಎದುರು ತಂಡದವನೊಬ್ಬ ಬಿಲ್ಲೆ ತಳ್ಳಿಕೊಂಡು ನುಗ್ಗಿದ. ಸಾಶಾ ಬಾಣದಂತೆ ಹಿಂದೆ ಬಂದು ಬಿಲ್ಲೆಯನ್ನು ಕಸಿದೇಬಿಟ್ಟ. ಆದರೆ ನನ್ನ ಉಪ್ಪು ಅಷ್ಟು ಹೊತ್ತಿಗೆ ತನ್ನ ಕೆಲಸ ಮುಗಿಸಿತ್ತು. ಮಂಜುಗಡ್ಡೆ ಹಲ್ಲು ಬಿದ್ದ ಬಾಯಿಯಂತೆ ತೂತುತೂತಾಗಿತ್ತು. ಸಾಶಾನ ಬೂಟು ಅದರಲ್ಲಿ ಸಿಕ್ಕಿತು. ಸಾಶಾ, ಗೋಲಿ, ಬಿಲ್ಲೆ, ಎರಡು ಮೆಣಸಿನಕಾಯಿ, ಎಲ್ಲವೂ ಒಟ್ಟಾಗಿ ಗೋಲಿನೊಳಕ್ಕೆ ಹೋದವು.

ಈ ಸಲ ಕಂಬಕ್ಕೆ ಹೊಡೆಯಲಿಲ್ಲ!

ರೆಫ್ರಿ ಪೀಪಿ ಊದಿದ. ಬಗ್ಗಿ ಒಂದು ಬ್ಯಾಡಗಿ ಮೆಣಸಿನಕಾಯಿಯನ್ನು ಬಾಲ ಹಿಡಿದು ಎತ್ತಿದ. "ವಾಟ್ ಇಸ್ ಡಿಟ್?" ಎಂದು ಕೂಗಿದ. ಇದೇನು ಎಂದು ಕೇಳಿದ್ದಂತೆ. ಮುರಳಿಯವರು ಮೆಣಸಿನಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು.

"ಅತ್ತೆ... ನೀವು..."

"ಗೀತಾನೇ ಹೇಳಿದ್ದು! ನೀರಿಗೆ ಹಾಕು ಅಂತ!"

ಚೀಲ ತಪಾಸಣೆಯಾದದ್ದು ಆಗ. ನಾನು ಸುಮ್ಮನಿರಲಿಲ್ಲ. "ಚಟ್ನಿ ಅರೆದೋನನ್ನ ಬಿಟ್ರಿ, ದೃಷ್ಟಿ ತೆಗೆದೋಳನ್ನ ಹಿಡಿದ್ರಾ?" ಎಂದು ಶುದ್ಧ ಮೈಸೂರು ಕನ್ನಡದಲ್ಲಿ ಕೇಳಿದೆ. ಆ ಗೋಲನ್ನು ರದ್ದು ಮಾಡಿ ಎಂದೂ ಕೇಳಿದೆ. ಮಾಡಲಿಲ್ಲ! ಸಾಶಾ ಎದ್ದು, ಒಂದು ಹರಳು ನಾಲಿಗೆಗಿಟ್ಟು ನೋಡಿ, ಬಿಳಿಚಿಕೊಂಡ. ಉಪ್ಪು ಚೆಲ್ಲಿದರೆ ರಷ್ಯದಲ್ಲಿ ಜಗಳದ ಶಕುನವಂತೆ. ನನಗೇನು ಗೊತ್ತು? ಅವನ ಆ ಮುಖ ನೋಡಿ ಚೀಲವನ್ನು ಅವರ ಕೈಗೇ ಬಿಟ್ಟೆ. ಊರುಬಿಟ್ಟು ಬಂದ ಹುಡುಗನನ್ನು ನಾನೇ ಊರಿಗೆ ಕಳಿಸಿದಂತಾಯಿತಲ್ಲ ಎನಿಸಿತು.

ನನ್ನನ್ನು ಕಾರಿನಲ್ಲಿ ಕೂರಿಸಿ ಮುರಳಿಯವರು ಒಳಗೆ ಹೋದರು. ನೀರು, ಮಂಜಿನಪುಡಿ ಮೆತ್ತಿ ತೂತು ಮುಚ್ಚಿ ಆಟ ಮುಂದುವರಿಸಿದರಂತೆ. ನಾನು ಗಾಜಿನೊಳಗಿಂದ ನಿಲುಗಡೆಯ ಕಾರುಗಳನ್ನು ನೋಡುತ್ತಾ, ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಮುರಳಿಯವರು ತಿರುಗಿ ಬಂದರು.

"ಸೋತ್ವಿ ಅತ್ತೆ. ಒಂದೇ ಗೋಲಿನಲ್ಲಿ."

ಆ ಒಂದು ಗೋಲು ಯಾರದ್ದೆಂದು ಅವರು ಹೇಳಲಿಲ್ಲ. ಸಂಭಾವಿತ ಅಳಿಯ.

"ಆದ್ರೆ ಸಾಶಾ ಒಂದು ಗೋಲ್ ಹೊಡೆದ. ಸಿಟ್ಟಿನಲ್ಲಿ ಹೊಡೆದ ನೋಡಿ, ಅವರ ಗೋಲಿಯವನಿಗೆ ಬಿಲ್ಲೆ ಕಾಣಲೇ ಇಲ್ಲ! ಉಪ್ಪು ಹಾಕಿದ ಐಸ್ ಮೇಲೆ ಆಡೋನು ಎಲ್ಲಿ ಬೇಕಾದ್ರೂ ಆಡ್ತಾನೆ ಅಂದ ಕೋಚು. ವರ್ಷಕ್ಕೆ ಇಟ್ಕೊಂಡಿದಾರೆ."

ನಾನು ಕಾರಿನೊಳಗೇ ಎದ್ದುನಿಂತು ಚಾವಣಿಗೆ ತಲೆ ಬಡಿಸಿಕೊಂಡೆ. "ಕಂಡ್ರಾ? ದೃಷ್ಟಿ ಹೋಯ್ತು! ಯಾರಿಂದ ಹೋಯ್ತು?"

"ಒಂದು ಕಂಡೀಶನ್ ಇದೆ ಅತ್ತೆ. ಅವನು ಆಡೋ ಕಡೆ ನೀವು ಬರೋ ಹಾಗಿಲ್ಲ."

ಕೇಳಿದಿರಾ? ಉಪಕಾರ ಸ್ಮರಣೆ ಎಂಬುದು ಆ ಮಣ್ಣಿನಲ್ಲೇ ಇಲ್ಲ! ಆಮೇಲೆ ಸಾಶಾ ಗೋಲಿನ ಮೇಲೆ ಗೋಲು ಹೊಡೆದ. ಒಂದನ್ನೂ ನಾನು ನೋಡಲಿಲ್ಲ. ಪ್ರತಿ ಸಲವೂ ಅವನೇ ಬಂದು, ಅಡುಗೆಮನೆಯ ನೆಲದ ಮೇಲೆ ಲಟ್ಟಣಿಗೆ ಮತ್ತು ನಿಂಬೆಹಣ್ಣು ಇಟ್ಟುಕೊಂಡು ಹೊಡೆದು ತೋರಿಸುತ್ತಿದ್ದ.

ಚಳಿ ಬಲಿಯಿತು. ಒಂದು ಬೆಳಿಗ್ಗೆ ರಸ್ತೆಯೆಲ್ಲ ಗಾಜಿನಂತೆ ಹೆಪ್ಪುಗಟ್ಟಿತ್ತು. ಆಗ ಒಂದು ಲಾರಿ ಬಂತು. ಏನು ಎರಚುತ್ತಾ ಬಂತು ಅಂತೀರಿ? ಉಪ್ಪು! ಸರ್ಕಾರದವರೇ ಊರಿಗೆಲ್ಲ ಲಾರಿಗಟ್ಟಲೆ ದೃಷ್ಟಿ ತೆಗೆಯುತ್ತಿದ್ದಾರೆ! ಅವರ ಚೀಲ ತಪಾಸಣೆ ಮಾಡುವವರು ಯಾರೂ ಇಲ್ಲ. ನಾನು ಒಂದು ಪೊಟ್ಟಣ ಹಾಕಿದರೆ ಮಾತ್ರ ನಿಷೇಧ!

ಕೇಳಿಯೇಬಿಡುತ್ತೇನೆಂದು ಬಾಗಿಲು ತೆಗೆದು ದಡದಡ ಹೊರಟೆ. ಲಾರಿ ರಸ್ತೆಗೆ ಉಪ್ಪು ಹಾಕಿತ್ತು, ನಮ್ಮ ಮೆಟ್ಟಿಲಿಗೆ ಹಾಕಿರಲಿಲ್ಲ. ನನ್ನ ಕಲ್ಲುಪ್ಪೋ ಪೂರ್ತಿ ಮೈದಾನದ ಪಾಲಾಗಿತ್ತು. ಎಡಗಾಲು ಹಾರ್ಲೆಮ್ ಊರಿನ ಕಡೆ ಹೋಯಿತು, ಬಲಗಾಲು ಮೈಸೂರಿನ ಕಡೆ. ನಡುವೆ ನಾನು ಧೊಪ್ಪೆಂದು ಕೂತೆ.

ಪಕ್ಕದ ಮನೆಯಿಂದ ಸಾಶಾ ಓಡಿಬಂದ. ನನ್ನನ್ನು ಎತ್ತಿ ತಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಎದುರು ನಿಂತು, ರೆಫ್ರಿಯಂತೆ ಮುಖ ಗಂಟಿಕ್ಕಿ, ಎರಡು ಬೆರಳು ತೋರಿಸಿದ.

"ಅಜ್ಜಿ. ಎರಡು ನಿಮಿಷ."

ಕನ್ನಡದಲ್ಲಿ! ಹೇಳಿಕೊಟ್ಟವರು ಯಾರೆಂದು ನನಗೆ ಗೊತ್ತು. ಅಳಿಯಂದಿರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಅಲುಗಾಡುತ್ತಿದ್ದರು. ಸಾಶಾ ಗೀತಾಳ ಅಡುಗೆಮನೆಯಿಂದ ಆ ಪೌಡರಿನಂಥ ಉಪ್ಪನ್ನೇ ತೆಗೆದುಕೊಂಡು ಹೋಗಿ ಮೆಟ್ಟಿಲಿಗೆ ಎರಚಿದ. ಅದೂ ಕರಗಿಸಿತು, ಏನು ಹೇಳಲಿ.

ಸೊಂಟ ಹಿಡಿದುಕೊಂಡು, ಮೊಮ್ಮಗನನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಗಾಜಿನ ಹಿಂದೆ ಕೂತೆ. "ನೋಡಪ್ಪಾ ಕಂದಾ, ನಿಮ್ಮಜ್ಜಿಗೆ ಎಂಥ ಅನ್ಯಾಯ ಮಾಡಿದ್ರು ಇವರೆಲ್ಲ" ಎಂದೆ.

ಅವನು ನನ್ನ ಮುಖವನ್ನೇ ಗಂಭೀರವಾಗಿ ನೋಡಿದ. ಆಮೇಲೆ ನನ್ನ ಎಡ ಭುಜದ ಮೇಲೆ ಹಾಲು ಕಕ್ಕಿದ. ಮೂರು ಸಲ!