ಯಾರೂ ಓದಿಲ್ಲದ ಹತ್ತು ಗಮನಾರ್ಹ ಸಾಹಸಗ್ರಂಥಗಳು

ನಗರ ಕೇಂದ್ರ ಗ್ರಂಥಾಲಯದ ಸಾಹಸ ವಿಭಾಗದಲ್ಲಿ ಒಟ್ಟು ಹದಿನಾಲ್ಕು ಕಪಾಟುಗಳಿದ್ದು, ಅವುಗಳ ಪೈಕಿ ಒಂದರ ಬಾಗಿಲು ಮಾತ್ರ ಸರಿಯಾಗಿ ಮುಚ್ಚುತ್ತದೆ. ಆ ಒಂದು ಕಪಾಟಿನಲ್ಲಿ ಹಿಡಿಸುವಷ್ಟು ಪುಸ್ತಕಗಳನ್ನೇ ಗಮನಾರ್ಹ ಸಾಹಸಗ್ರಂಥಗಳೆಂದು ಪರಿಗಣಿಸತಕ್ಕದ್ದು ಎಂದು ಇಲಾಖೆ ತೀರ್ಮಾನಿಸಿತು. ಇಟ್ಟು ನೋಡಿದಾಗ ಹತ್ತು ಹಿಡಿಸಿದವು. ಪುಸ್ತಕ ಹತ್ತು ಎಂದಮೇಲೆ ವರ್ಷವೂ ಹತ್ತೇ ಇರಬೇಕಲ್ಲ, ಹಾಗಾಗಿ ಒಂದು ದಶಕ. ಎಪ್ಪತ್ತರ ದಶಕವನ್ನು ಆರಿಸಿಕೊಂಡದ್ದಕ್ಕೂ ಬಲವಾದ ಕಾರಣವಿತ್ತು: ನಿರ್ದೇಶಕರ ಮೇಜಿನ ಮೇಲಿದ್ದ ಕಡತಗಳ ರಾಶಿಯಲ್ಲಿ ಆ ದಶಕದ ಕಡತವೇ ಎಲ್ಲಕ್ಕಿಂತ ಮೇಲಿತ್ತು.

ಸೋಮವಾರ ಬೆಳಿಗ್ಗೆ ಸೂಚನಾಫಲಕಕ್ಕೆ ಪ್ರಕಟಣೆ ಬಿತ್ತು.

‘ಎಪ್ಪತ್ತರ ದಶಕದ ಹತ್ತು ಗಮನಾರ್ಹ ಸಾಹಸಗ್ರಂಥಗಳನ್ನು ಆಯ್ಕೆ ಮಾಡಿ, ಮರುಮುದ್ರಿಸಿ, ಬಾಗಿಲು ಮುಚ್ಚುವ ಕಪಾಟಿನಲ್ಲಿ ಇಡತಕ್ಕದ್ದು. ಉಳಿದ ಸಮಸ್ತ ಸಾಹಸಗ್ರಂಥಗಳನ್ನು ಹಿತ್ತಲಿನ ವಿಲೇವಾರಿ ಶೆಡ್ಡಿಗೆ ಸಾಗಿಸಿ ರದ್ದಿ ಮಾಡತಕ್ಕದ್ದು. ತೆರವಾದ ಹದಿಮೂರು ಕಪಾಟುಗಳಲ್ಲಿ ಈ ಪ್ರಕಟಣೆಯ ಪ್ರತಿಗಳನ್ನು ಜೋಡಿಸತಕ್ಕದ್ದು.’

ಇದನ್ನು ಎಲ್ಲರಿಗಿಂತ ಮೊದಲು ಓದಿದವನು ಸೂಚಿಯಣ್ಣ. ಏನಾದರೂ ಬರೆದಿದ್ದರೆ ಓದಿಬಿಡುವುದು ಅವನ ಚಟ. ಪುಸ್ತಕಗಳಿಗೆ ಸೂಚಿ ಕಾರ್ಡು ಬರೆಯುತ್ತ ಇಪ್ಪತ್ತೊಂಬತ್ತು ವರ್ಷ ಸವೆಸಿದ್ದ. ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹದಿನಾಲ್ಕು ಕಪಾಟುಗಳನ್ನೂ ತುದಿಯಿಂದ ತುದಿಯವರೆಗೆ ಓದಿದ್ದ. ಅವನ ಸ್ವಂತ ಬದುಕಿನ ಸಾಹಸವೆಂದರೆ ಒಮ್ಮೆ ಲಿಫ್ಟಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಬಿದ್ದದ್ದು, ಅದೂ ಬೇರೆ ಯಾರೋ ಗುಂಡಿ ಒತ್ತಿದ್ದರಿಂದ.

ಪ್ರಕಟಣೆ ಓದುತ್ತಿದ್ದಂತೆ ಅವನು ಚಿಂತಿಸಿದ್ದು ಒಂದೇ ಒಂದು ಪುಸ್ತಕಕ್ಕಾಗಿ. ‘ಸೋರುವ ದೋಣಿ, ಒಂದೇ ಹುಟ್ಟು’ ಅಂತ ಅದರ ಹೆಸರು. ನದಿಮುಖದ ಆಚೆಗೆ ದೋಣಿ ರಿಪೇರಿ ಮಾಡುವ ಹೆಂಗಸೊಬ್ಬಳು ಎಪ್ಪತ್ತನಾಲ್ಕರಲ್ಲಿ ಬರೆದದ್ದು. ಅವಳ ಅಕ್ಕನಿಗೆ ಹೆರಿಗೆ ನೋವು, ಸೂಲಗಿತ್ತಿ ಇರುವುದು ಎದುರು ದಡದಲ್ಲಿ, ನದಿಯಲ್ಲಿ ಪ್ರವಾಹ. ಇಪ್ಪತ್ತೆರಡರ ಹುಡುಗಿ ರಿಪೇರಿಗೆ ಬಂದಿದ್ದ ತೂತು ದೋಣಿಯನ್ನೇ ನೀರಿಗೆ ತಳ್ಳಿ, ಒಂದು ಕೈಯಲ್ಲಿ ಹುಟ್ಟು ಹಾಕುತ್ತ, ಇನ್ನೊಂದು ಕೈಯಲ್ಲಿ ಪಾತ್ರೆಯಿಂದ ನೀರು ಮೊಗೆದು ಚೆಲ್ಲುತ್ತ ಹೋಗಿ ಸೂಲಗಿತ್ತಿಯನ್ನು ಕರೆತಂದಿದ್ದಳು. ಆಮೇಲೆ ಅದನ್ನು ಹಾಗೇ ಬರೆದಿಟ್ಟಳು. ಒಮ್ಮೆ ಅಚ್ಚಾಗಿ ಮುಗಿದ ಆ ಪುಸ್ತಕದ ಪ್ರತಿ ಈಗ ಉಳಿದಿದ್ದದ್ದು ಗ್ರಂಥಾಲಯದಲ್ಲಿ, ಅದೂ ಒಂದೇ.

ಸೂಚಿಯಣ್ಣ ನೇರ ನಿರ್ದೇಶಕರ ಕೋಣೆಗೆ ಹೋದ.

“ಸರ್, ಆಯ್ಕೆ ಸಮಿತಿಗೆ ನನ್ನನ್ನೂ ಹಾಕ್ಕೊಳ್ಳಿ. ನಾನು ಎಲ್ಲಾನೂ ಓದಿದ್ದೀನಿ.”

ನಿರ್ದೇಶಕರು ಕನ್ನಡಕ ತೆಗೆದು ಅವನನ್ನು ಕನಿಕರದಿಂದ ನೋಡಿದರು. “ಎಲ್ಲಾನೂ?”

“ಒಂದೂ ಬಿಟ್ಟಿಲ್ಲ ಸರ್.”

“ಛೆ ಛೆ. ಇಷ್ಟು ವರ್ಷ ಒಂದು ಮೆಮೋ ಕೂಡ ಇಲ್ಲದ ಮನುಷ್ಯ ನೀವು.” ಡ್ರಾಯರಿನಿಂದ ನಿಯಮಾವಳಿ ತೆಗೆದು ಏಳನೇ ನಿಯಮದ ಮೇಲೆ ಬೆರಳಿಟ್ಟರು. ಓದಿದವನಿಗೆ ಒಂದು ಪುಸ್ತಕ ಇಷ್ಟವಾಗಿ ಇನ್ನೊಂದು ಇಷ್ಟವಾಗದೆ ಇರುವ ಸಂಭವವಿರುವುದರಿಂದ, ಓದಿದ ಯಾರೊಬ್ಬರೂ ಸಮಿತಿಯಲ್ಲಿ ಇರಕೂಡದು ಎಂದು ಅದು ಹೇಳುತ್ತಿತ್ತು. ಎಂಟನೇ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು: ಓದುಗರ ಮೆಚ್ಚುಗೆಯ ಪ್ರಭಾವಕ್ಕೆ ಒಳಗಾಗದ, ಅಂದರೆ ಯಾರೂ ಎರವಲು ಒಯ್ಯದ ಪುಸ್ತಕಗಳನ್ನು ಮಾತ್ರ ಪರಿಶೀಲಿಸತಕ್ಕದ್ದು.

“ಮತ್ತೆ ಪುಸ್ತಕ ಹೇಗೆ ಆರಿಸ್ತೀರಿ ಸರ್?”

“ಅಳತೆ ಪಟ್ಟಿ ಇದೆಯಲ್ಲ. ಎತ್ತರ ಕಪಾಟಿಗೆ ಸರಿಹೋಗಬೇಕು.”

ಸಮಿತಿ ಚುರುಕಾಗಿ ಕೆಲಸ ಮಾಡಿತು. ಜೇನು ಸಾಕಣೆಯ ಕೈಪಿಡಿಯೊಂದು ಆಯ್ಕೆಯಾಯಿತು, ಜೇನುಹುಳು ಕಚ್ಚುವುದರಿಂದ. ಮುಖಪುಟವೇ ಇಲ್ಲದ ಒಂದು ಪುಸ್ತಕ, ಒಳಗೆ ಏನು ಬೇಕಾದರೂ ನಡೆದಿರಬಹುದು ಎಂಬ ಆಧಾರದ ಮೇಲೆ ಸರ್ವಾನುಮತದಿಂದ ಆಯ್ಕೆಯಾಯಿತು. ನಿರ್ದೇಶಕರ ಭಾವಮೈದುನನ ‘ನನ್ನ ಬಡ್ತಿಯ ಹಾದಿ’ ಅಚ್ಚಾದದ್ದು ಹೋದ ವರ್ಷ. ಆದರೆ ಭಾವಮೈದುನ ಹುಟ್ಟಿದ್ದು ಎಪ್ಪತ್ತಾರರಲ್ಲಿ. ಲೇಖಕನೇ ಇಲ್ಲದೆ ಗ್ರಂಥವಿಲ್ಲವಾದ್ದರಿಂದ ಗ್ರಂಥದ ಮೂಲ ಎಪ್ಪತ್ತರ ದಶಕದ್ದೇ ಎಂದು ಸಮಿತಿ ದಾಖಲಿಸಿತು. ಹೀಗೆ ಒಂಬತ್ತು ತುಂಬಿ, ಒಂದು ಜಾಗ ಉಳಿಯಿತು.

ಸೂಚಿಯಣ್ಣ ತನ್ನ ಮೇಜಿನಲ್ಲಿ ಕೂತು ‘ಸೋರುವ ದೋಣಿ’ಯ ಹಿಂದಿನ ಹಾಳೆ ತೆರೆದ. ಎರವಲು ಚೀಟಿಯಲ್ಲಿ ಇನ್ನೂರ ಹದಿನಾಲ್ಕು ಮೊಹರುಗಳು. ಜಾಗ ಸಾಲದೆ ಅಂಚಿನಲ್ಲೂ ಒತ್ತಿದ್ದರು. ಇನ್ನೂರ ಹದಿನಾಲ್ಕು ಜನ ಆ ಹುಡುಗಿಯ ಜೊತೆ ನದಿ ದಾಟಿದ್ದರು. ಅವನು ಚೀಟಿಯ ಮೇಲೆ ಒದ್ದೆ ಬಟ್ಟೆ ಇಟ್ಟು, ಅಂಟು ನೆನೆದ ಮೇಲೆ ಮೆಲ್ಲನೆ ಎಬ್ಬಿಸಿ, ಖಾಲಿ ಚೀಟಿ ಅಂಟಿಸಿದ. ಚೀಟಿ ಸೊಟ್ಟಗೆ ಕೂತಿತು. ಆಮೇಲೆ ಪುಸ್ತಕದ ಜೊತೆ ಸಮಿತಿಗೆ ಕಳಿಸಬೇಕಾದ ನಮೂನೆ ಹನ್ನೆರಡನ್ನು ತೆಗೆದು, ‘ಸದರಿ ಪುಸ್ತಕವನ್ನು ನಾನಾಗಲಿ, ನನಗೆ ತಿಳಿದಂತೆ ಇನ್ನಾರೇ ಆಗಲಿ ಓದಿರುವುದಿಲ್ಲ, ಮುಂದೆಯೂ ಓದುವುದಿಲ್ಲ’ ಎಂಬುದರ ಕೆಳಗೆ ಸಹಿ ಹಾಕಿದ.

“ಓದಿಲ್ಲ ಅಂತ ಬರೆದುಕೊಟ್ರಾ?” ಸಂಜೆ ಹೆಂಡತಿ ಕೇಳಿದಳು. “ಹಾಗಾದ್ರೆ ಮದುವೆಯಾದ ಹೊಸದರಲ್ಲಿ ಆ ದೋಣಿ ಕತೆ ಹೇಳಿ ಹೇಳಿ ನನ್ನ ತಲೆ ತಿಂದೋರು ಯಾರು?”

“ಅದು ಉಳೀಬೇಕಿತ್ತು ಕಣೆ.”

“ಉಳಿಸೋದಕ್ಕೆ ಸುಳ್ಳು ಹೇಳಿದ್ರಿ. ಆಗಲಿ. ಊಟಕ್ಕೆ ಏಳಿ.”

ಪುಸ್ತಕ ಆಯ್ಕೆಯಾಯಿತು. ಸೂಚಿಯಣ್ಣ ಎರಡು ದಿನ ಹಗುರಾಗಿ ಓಡಾಡಿದ. ಮೂರನೆಯ ದಿನ ಹತ್ತೂ ಪುಸ್ತಕಗಳು ಸುರಕ್ಷತಾ ಶಾಖೆಗೆ ಹೋದವು. ಸಾರ್ವಜನಿಕರ ಕೈಗೆ ಸಿಗುವ ಯಾವುದೇ ಕಾಗದದಲ್ಲಿ ಅಪಾಯ ಕಂಡುಬಂದರೆ ಅದನ್ನು ನಿವಾರಿಸುವ ಹೊಣೆ ಆ ಶಾಖೆಯದು. ಸುರಕ್ಷತಾಧಿಕಾರಿ ಶಿಸ್ತಿನ ಹೆಂಗಸು. ಪೆನ್ಸಿಲನ್ನು ಕೂಡ ಚೂಪು ಮಾಡದೆ ಬಳಸುತ್ತಿದ್ದರು. ಸೂಚಿಯಣ್ಣನನ್ನು ಕರೆಸಿ ಎದುರಿಗೆ ಕೂರಿಸಿಕೊಂಡರು.

“ಈ ಹುಡುಗಿ ಹತ್ತಿರ ಎಷ್ಟು ಹುಟ್ಟು ಇತ್ತು?”

“ಒಂದೇ ಮೇಡಂ. ಹೆಸರಲ್ಲೇ ಇದೆ.” ಹೆಸರು ಓದುವುದಕ್ಕೆ ನಿಷೇಧವಿರಲಿಲ್ಲ.

“ಎರಡು ಮಾಡೋಣ. ದೋಣಿ ಸೋರುತ್ತೆ ಅಂತಿದೆ. ಸೋರೋ ದೋಣಿ ಇಳಿಸಬಾರದು ಅಂತ ಗೊತ್ತಿಲ್ವಾ ಅವಳಿಗೆ?”

“ಅಕ್ಕನಿಗೆ ನೋವು ಶುರುವಾಗಿತ್ತಂತೆ ಮೇಡಂ.”

“ನೋವಾದರೆ ಅರ್ಜಿ ಕೊಡಬೇಕು.” ಅವರು ಮೊಂಡು ಪೆನ್ಸಿಲಿನಿಂದ ಪ್ರವಾಹವನ್ನು ಹೊಡೆದುಹಾಕಿದರು. “ನದಿ ಅಗಲ ಎಷ್ಟು?”

“ಮೂರು ಮೈಲಿ.”

“ಮೂವತ್ತು ಅಡಿ. ಮೇಲೊಂದು ಸೇತುವೆ ಹಾಕೋಣ, ಪಕ್ಕಕ್ಕೆ ಕಂಬಿ ಇರೋ ಸೇತುವೆ.”

ಇನ್ನೂರ ಅರವತ್ತು ಪುಟದ ಪುಸ್ತಕ ಒಂಬತ್ತು ಪುಟಕ್ಕೆ ಇಳಿಯಿತು. ಪರಿಷ್ಕೃತ ಆವೃತ್ತಿಯ ಹೆಸರು ‘ಸೋರದ ದೋಣಿ, ಎರಡು ಹುಟ್ಟು’. ಅದರಲ್ಲಿ ಹುಡುಗಿ ಅರ್ಜಿ ಕೊಡುತ್ತಾಳೆ. ಸೂಲಗಿತ್ತಿ ಸೇತುವೆಯ ಮೇಲೆ ನಡೆದುಕೊಂಡು ಬರುತ್ತಾಳೆ. ದೋಣಿ ದಡದಲ್ಲೇ ಇರುತ್ತದೆ.

ಬಿಡುಗಡೆ ಸಮಾರಂಭಕ್ಕೆ ಲೇಖಕಿಯನ್ನು ಕರೆಸಿದ್ದರು. ಎಪ್ಪತ್ತು ದಾಟಿದ ಹೆಂಗಸು, ಉಗುರಿನ ಸಂದಿಯಲ್ಲಿ ಇನ್ನೂ ಡಾಂಬರಿನ ಕಪ್ಪು. ವೇದಿಕೆ ಹತ್ತುವ ಮೊದಲು ನಿರ್ದೇಶಕರು ಅವಳ ಮುಂದೆಯೂ ನಮೂನೆ ಹನ್ನೆರಡನ್ನು ಇಟ್ಟರು.

“ಓದಿಲ್ಲ ಅಂತ ಸಹಿ ಹಾಕಬೇಕಾ? ಬರೆದೋಳು ನಾನೇ ಅಲ್ವಾ ಸ್ವಾಮಿ?”

“ಬರೆಯೋದು ಬೇರೆ, ಓದೋದು ಬೇರೆ ಅಮ್ಮಾ. ಬರೆದಿದ್ದಕ್ಕೆ ನಮ್ಮ ಆಕ್ಷೇಪಣೆ ಏನೂ ಇಲ್ಲ.”

ಅವಳು ಪೆನ್ನಿಗೆ ಕೈ ಚಾಚಿದಳು. “ಬರೀವಾಗ ನೋಡ್ತಾನೇ ಬರೆದೆ. ಆಮೇಲೆ ಕೂತು ಓದಿದ್ದಂತೂ ಇಲ್ಲ. ಕೊಡಿ.”

ಪರಿಷ್ಕೃತ ಆವೃತ್ತಿಯನ್ನು ಅವಳ ಕೈಗಿಟ್ಟು ಫೋಟೋ ತೆಗೆದರು. ಅವಳು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಪಕ್ಕದಲ್ಲಿದ್ದ ಸೂಚಿಯಣ್ಣನಿಗೆ ಕೇಳಿದಳು, “ತೆಳ್ಳಗಾಗಿದೆ. ನೀರು ಎಲ್ಲಿ ಹೋಯ್ತು?”

ಹಳೆಯ ಪ್ರತಿ ಎಲ್ಲಿದೆ ಎಂದು ಅವಳು ಕೇಳಿದ್ದಕ್ಕೆ ನಿರ್ದೇಶಕರೇ ಉತ್ತರ ಕೊಟ್ಟರು: ಒಂದೇ ಗ್ರಂಥಕ್ಕೆ ಎರಡು ನದಿ ಇದ್ದರೆ ಓದುಗರಿಗೆ ಗೊಂದಲವಾಗುವುದರಿಂದ ಅಸುರಕ್ಷಿತ ಪ್ರತಿಯನ್ನು ಶೆಡ್ಡಿಗೆ ಕಳಿಸಲಾಗಿದೆ, ಶುಕ್ರವಾರ ಮೂರು ಗಂಟೆಗೆ ರದ್ದಿ ಲಾರಿ ಬರಲಿದೆ.

ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ಸೂಚಿಯಣ್ಣ ಬುತ್ತಿ ಬಿಚ್ಚಲಿಲ್ಲ. ಹಿತ್ತಲಿಗೆ ಹೋದ. ಶೆಡ್ಡಿನ ಸುತ್ತ ಒಂಬತ್ತು ಅಡಿಯ ಗೋಡೆ, ಮೇಲೆ ಗಾಜಿನ ಚೂರು, ಗೇಟಿಗೆ ಬೀಗ. ಅವನು ಓದಿದ ಪುಸ್ತಕಗಳಲ್ಲಿ ಜನ ಇಂಥ ಗೋಡೆಗಳನ್ನು ಒಂದು ಸಾಲಿನಲ್ಲಿ ಹತ್ತಿ ಇಳಿಯುತ್ತಿದ್ದರು. ಸೂಚಿಯಣ್ಣನಿಗೆ ಇಪ್ಪತ್ತೈದು ನಿಮಿಷ ಬೇಕಾಯಿತು. ಮುರಿದ ಕುರ್ಚಿ, ಅದರ ಮೇಲೆ ಡಬ್ಬ, ಗಾಜಿನ ಮೇಲೆ ಮಡಿಸಿದ ಗೋಣಿಚೀಲ. ಒಳಗೆ ಧೊಪ್ಪೆಂದು ಬಿದ್ದವನೇ ಪುಸ್ತಕದ ಗುಡ್ಡವನ್ನು ತೋಡತೊಡಗಿದ. ತಾನೇ ಕಾರ್ಡು ಬರೆದ ಹಿಮಪರ್ವತಗಳೂ ಮರಳುಗಾಡುಗಳೂ ಕೈಗೆ ಸಿಕ್ಕವು. ಒಂದೊಂದನ್ನೂ ಧೂಳು ಒರೆಸಿ ಪಕ್ಕಕ್ಕಿಟ್ಟ. ಕೊನೆಗೆ ಸೊಟ್ಟಗೆ ಅಂಟಿಸಿದ ಚೀಟಿಯ ಪುಸ್ತಕ ಸಿಕ್ಕಿತು. ಅಂಗಿಯೊಳಗೆ ಸೇರಿಸಿಕೊಂಡು, ಪುಸ್ತಕದ ರಾಶಿಯನ್ನೇ ಮೆಟ್ಟಿಲು ಮಾಡಿ ವಾಪಸು ಹತ್ತಿದ. ಒಂದು ಕಾಲು ಈಚೆ, ಒಂದು ಕಾಲು ಆಚೆ ಆದಾಗ ಪ್ಯಾಂಟು ಗಾಜಿಗೆ ಸಿಕ್ಕಿಕೊಂಡಿತು. ಕೆಳಗೆ ಕಾವಲುಗಾರ ನಿಂತಿದ್ದ.

“ಅಣ್ಣಾ, ಅಲ್ಲೇನ್ ಮಾಡ್ತಿದ್ದೀರಿ?”

“ಇಳೀತಿದ್ದೀನಿ.”

“ಯಾವ ಕಡೆಗೆ?”

“ಈ ಕಡೆಗೆ ಅಂತ ಅಂದುಕೊಂಡಿದ್ದೀನಿ.”

ಕಾವಲುಗಾರ ಒಳ್ಳೆಯವನು. ಹೆಗಲು ಕೊಟ್ಟು ಇಳಿಸಿಕೊಂಡ. ಕರ್ತವ್ಯನಿಷ್ಠನೂ ಆಗಿದ್ದರಿಂದ ಆಮೇಲೆ ಕೂತು ವರದಿ ಬರೆದ: ‘ಸೂಚೀಕಾರರು ಒಂಬತ್ತು ಅಡಿ ಗೋಡೆಯನ್ನು ಗಾಜು ಲೆಕ್ಕಿಸದೆ ಹತ್ತಿ, ರಕ್ತ ಸುರಿಸುತ್ತ ಒಂದು ಪುಸ್ತಕವನ್ನು ಕದ್ದು ತಂದಿರುತ್ತಾರೆ.’

ಕೆಲಸ ಹೋಯಿತೆಂದೇ ಸೂಚಿಯಣ್ಣ ಅಂದುಕೊಂಡ. ಮೇಜಿನ ಡ್ರಾಯರು ಖಾಲಿ ಮಾಡಿ, ಪೆನ್ನು, ಕನ್ನಡಕದ ಡಬ್ಬಿಗಳನ್ನು ಚೀಲಕ್ಕೆ ತುಂಬಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆದರೆ ಅಪಾಯವಿರುವ ಯಾವುದೇ ಕಾಗದ ಸುರಕ್ಷತಾ ಶಾಖೆಯ ಮೂಲಕವೇ ನಿರ್ದೇಶಕರಿಗೆ ಹೋಗತಕ್ಕದ್ದು. ಸುರಕ್ಷತಾಧಿಕಾರಿ ವರದಿ ಓದಿ ಗಾಬರಿಯಾದರು. ಗೋಡೆಯನ್ನು ಹೊಸ್ತಿಲು ಮಾಡಿದರು. ಗಾಜಿನ ಚೂರುಗಳನ್ನು ಹೂಕುಂಡಗಳನ್ನಾಗಿ ಮಾಡಿದರು. ರಕ್ತವನ್ನು ಹೊಡೆದುಹಾಕಿದರು. ಕಳವು ಅತ್ಯಂತ ಅಪಾಯಕಾರಿ ಎನ್ನಿಸಿ ಅದನ್ನೂ ತೆಗೆದರು. ನಾಲ್ಕು ಗಂಟೆಗೆ ನಿರ್ದೇಶಕರ ಮೇಜಿಗೆ ಬಂದ ವರದಿ ಹೀಗಿತ್ತು: ‘ಸೂಚೀಕಾರರು ಬಿಡುವಿನ ವೇಳೆಯಲ್ಲಿ ಹೂಕುಂಡಗಳ ನಡುವಿನ ಹೊಸ್ತಿಲು ದಾಟಿ, ಬರಿಗೈಯಲ್ಲಿ ಹಿಂದಿರುಗಿರುತ್ತಾರೆ.’

ನಿರ್ದೇಶಕರು ಅವನನ್ನು ಕರೆಸಿದರು. ಹರಿದ ಪ್ಯಾಂಟು, ಕರವಸ್ತ್ರ ಕಟ್ಟಿದ ಮೊಣಕಾಲು, ಕೈಯಲ್ಲಿದ್ದ ಪುಸ್ತಕ ಎಲ್ಲವನ್ನೂ ನೋಡಿದರು. ವರದಿಯನ್ನು ಮತ್ತೊಮ್ಮೆ ಓದಿದರು.

“ಕೈ ಖಾಲಿ ಇದೆ ಅಲ್ವಾ?”

ಸೂಚಿಯಣ್ಣ ಪುಸ್ತಕವನ್ನು ಎದೆಗೆ ಅವಚಿಕೊಂಡ. “ಹೌದು ಸರ್.”

“ಮೊಣಕಾಲು?”

“ಏನೂ ಆಗಿಲ್ಲ ಸರ್.”

“ಹಾಗಾದ್ರೆ ಸರಿ.” ಸಹಿ ಹಾಕಿದರು. ಹೊರಬಾಗಿಲಲ್ಲಿ ಕಾವಲುಗಾರ ಚೀಲ ತಪಾಸಣೆ ಮಾಡಿ, ಪುಸ್ತಕವನ್ನು ಕೈಗೆತ್ತಿಕೊಂಡು, ಅದು ಇಲ್ಲವೆಂದು ಖಾತ್ರಿಪಡಿಸಿಕೊಂಡು, ಜೋಪಾನವಾಗಿ ವಾಪಸು ಇಟ್ಟ.

ಭಾನುವಾರ ಬೆಳಿಗ್ಗೆ ಸೂಚಿಯಣ್ಣ ಬಸ್ಸು ಹತ್ತಿ, ಸುತ್ತು ದಾರಿಯಲ್ಲಿ ನದಿಮುಖದ ಆಚೆ ದಡಕ್ಕೆ ಹೋದ. ಲೇಖಕಿ ಬೋರಲು ಹಾಕಿದ ದೋಣಿಯೊಂದರ ಸೀಳಿಗೆ ನಾರು ತುರುಕುತ್ತಿದ್ದಳು. ಅವನು ಪುಸ್ತಕವನ್ನು ದೋಣಿಯ ಬೆನ್ನ ಮೇಲೆ ಇಟ್ಟ. ಅವಳು ಕೈ ಒರೆಸಿಕೊಂಡಳು, ಆದರೆ ಮುಟ್ಟಲಿಲ್ಲ.

“ತಂದ್ರಲ್ಲಾ,” ಎಂದಳು. ನಾರನ್ನು ಮತ್ತೆ ಕೈಗೆತ್ತಿಕೊಂಡು, “ಆದ್ರೆ ನಾನು ಬರೆದುಕೊಟ್ಟುಬಿಟ್ಟಿದ್ದೀನಿ, ಓದಿಲ್ಲ ಅಂತ. ಮಾತಿಗೆ ತಪ್ಪಬಾರದು. ನೀವೇ ಇಟ್ಕೊಂಡು ಓದಿ.”

“ನಾನೂ ಬರೆದುಕೊಟ್ಟಿದ್ದೀನಮ್ಮಾ. ಮುಂದೆಯೂ ಓದಲ್ಲ ಅಂತ.”

ಇಬ್ಬರೂ ಪುಸ್ತಕವನ್ನು ನೋಡುತ್ತ ಕೂತರು. ಗಾಳಿಗೆ ಒಂದೆರಡು ಹಾಳೆ ತಾವಾಗಿಯೇ ತೆರೆದುಕೊಂಡವು. ಇಬ್ಬರೂ ನಿಯಮಕ್ಕೆ ಕಟ್ಟುಬಿದ್ದು ಮುಖ ಆಚೆಗೆ ತಿರುಗಿಸಿದರು. ಆಗ ಚಹಾ ತಂದ ಸೊಸೆ ಲೋಟಗಳನ್ನಿಟ್ಟು, “ಏನಿದು ಅತ್ತೆ?” ಎಂದು ಪುಸ್ತಕ ಎತ್ತಿಕೊಂಡಳು.

“ನೀನು ಏನಾದ್ರೂ ಸಹಿ ಹಾಕಿದ್ದೀಯಾ?” ಅತ್ತೆ ಕೇಳಿದಳು.

“ಯಾವುದಕ್ಕೆ?”

“ಹಾಗಾದ್ರೆ ಗಟ್ಟಿಯಾಗಿ ಓದು. ಕೇಳಬಾರದು ಅಂತ ಯಾರೂ ಬರೆಸಿಕೊಂಡಿಲ್ಲ.”

ಸೊಸೆ ಮಗ್ಗುಲಲ್ಲಿದ್ದ ಹಲಗೆಯ ಮೇಲೆ ಕೂತು ಓದತೊಡಗಿದಳು. ಮೂರು ಮೈಲಿ ಅಗಲದ ನದಿ ಕೆಂಪಗೆ ಉಕ್ಕಿ ಹರಿಯಿತು, ದೋಣಿಯ ತಳದಿಂದ ನೀರು ಚಿಲ್ಲೆಂದು ಒಳಗೆ ನುಗ್ಗಿತು. ಪಾತ್ರೆ ಕೈಜಾರಿ ನೀರಿಗೆ ಬಿದ್ದಲ್ಲಿಗೆ ಬಂದಾಗ ಸೊಸೆ ಓದು ನಿಲ್ಲಿಸಿದಳು. ಚಹಾ ತಣ್ಣಗಾಗಿತ್ತು.

“ಅಯ್ಯೋ, ಮುಂದೇನಾಯ್ತು?” ಎಂದ ಸೂಚಿಯಣ್ಣ.

“ನನಗೇನು ಗೊತ್ತು?” ಎಂದಳು ಬರೆದವಳು. “ಸುಮ್ನೆ ಕೇಳಿ.”