ರಿಬೆಲ್ಲೆಗೆ ಹೊಸ ಹೆಸರು

"ಬಗ್ಗಯ್ಯಾ, ಇನ್ನೂ ಬಗ್ಗು!" ಎಂದು ಕ್ಷೌರಿಕ ಸೆವೆರೊ ಕತ್ತು ಅದುಮಿದಾಗ ರಿಬೆಲ್ಲೆಯ ಮೂಗು ಇಗರ್ಜಿಯ ಕಲ್ಲುತೊಟ್ಟಿಗೆ ತಾಗಿತು. ಮದುವೆಯ ಕೋಟು ತೊಟ್ಟ ಐವತ್ತರ ಗಂಡಸು, ಕೊಡದೊಳಗೆ ತಲೆ ಸಿಕ್ಕಿಸಿಕೊಂಡ ಕರುವಿನ ಹಾಗೆ ಕಾಣುತ್ತಿದ್ದ.

ಅವನು ಬಂದಿದ್ದು ತಾನು ನೀರು ಹೊಯ್ಯಿಸಿಕೊಳ್ಳಲು ಅಲ್ಲ. ಅಕ್ಕನ ಮಗಳು ಆಲ್ಬಾಳ ಕೂಸಿನ ದೀಕ್ಷಾಸ್ನಾನಕ್ಕೆ ಧರ್ಮತಂದೆಯಾಗಿ ನಿಲ್ಲಲು. ಸ್ವಂತ ಮಕ್ಕಳಿಲ್ಲದವನು, ಕೂಸನ್ನು ಎತ್ತಿ ಹಿಡಿಯುವ ಆ ಗಳಿಗೆಗಾಗಿ ವಾರವಿಡೀ ಕನ್ನಡಿಯ ಮುಂದೆ ಕುಂಬಳಕಾಯಿ ಎತ್ತಿ ಅಭ್ಯಾಸ ಮಾಡಿದ್ದ. ಆದರೆ ದೂರದ ಬೆರ್ಗಾಮೊ ಕಡೆಯಿಂದ ಹೊಸದಾಗಿ ಬಂದಿದ್ದ ಪಾದ್ರಿ ದೋನ್ ಕಲ್ಲಿಸ್ತೊ, ಹೆಸರು ಕೇಳಿದ್ದೇ ಕೈಯಲ್ಲಿದ್ದ ಚೊಂಬು ಕೆಳಗಿಟ್ಟಿದ್ದರು.

"ರಿಬೆಲ್ಲೆ? ಬಂಡಾಯಗಾರ? ಇದೇನು ಹೆಸರೋ, ಪೊಲೀಸ್ ಕಂಪ್ಲೇಂಟೋ?"

"ನಮ್ಮಪ್ಪ ಇಟ್ಟಿದ್ದು ಗುರುಗಳೇ. ಗೇಣಿ ರೈತರ ಮುಷ್ಕರದ ವರ್ಷ ಹುಟ್ಟಿದವನು ನಾನು."

ದೇವರ ಮೇಲೂ ದೊರೆಯ ಮೇಲೂ ಸಿಟ್ಟಿದ್ದ ಈ ರೊಮಾನ್ಯಾ ಸೀಮೆಯ ಅಪ್ಪಂದಿರು ಮಕ್ಕಳಿಗೆ 'ಕಿಡಿ', 'ಸ್ವತಂತ್ರ' ಅಂತೆಲ್ಲ ಹೆಸರಿಟ್ಟ ಕಾಲವೊಂದಿತ್ತು. ಈಗ ಊರಲ್ಲಿ ಉಳಿದ ರಿಬೆಲ್ಲೆಗಳು ಎರಡೇ: ಇವನು, ಮತ್ತು ಹಿಟ್ಟಿನ ಗಿರಣಿಯ ಕತ್ತೆ. ಕತ್ತೆಯಾದರೂ ಆಗಾಗ ಹೆಸರು ಉಳಿಸುತ್ತಿತ್ತು. ಇವನು ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಅಂದವನಲ್ಲ.

"ದೀಕ್ಷಾಸ್ನಾನ ಆಗಿದೆಯಾ?"

"ಅಪ್ಪ ಬಿಡಬೇಕಲ್ಲ!"

"ದೀಕ್ಷೆ ಇಲ್ಲದವನು ಧರ್ಮತಂದೆ ಆಗೋ ಹಾಗಿಲ್ಲ. ಹಾಗಾದ್ರೆ ಮೊದಲು ನಿನಗೇ ನೀರು. ಆ ಹೆಸರು ಬಿಡು, ಯಾರಾದರೂ ಸಂತರ ಹೆಸರು ಹೇಳು."

ಆಲ್ಬಾ ಹಾಲೂಡಿಸಲು ಒಳಕೋಣೆಗೆ ಹೋಗಿದ್ದಳು. ಬಂದವರೆಲ್ಲ ರಿಬೆಲ್ಲೆಯನ್ನು ಮುತ್ತಿಕೊಂಡರು.

"ಪಿಯೊ ಅಂತಿಟ್ಕೋ, ಬಾಯಿಗೆ ಹಗುರ" ಎಂದಳು ಬೇಕರಿಯ ಎರ್ಸಿಲಿಯಾ. "ನಮ್ಮ ಸೀಮೆಯ ಮೆರ್ಕುರಿಯಾಲೆ ಸಂತರೇನು ಸತ್ತುಹೋದ್ರಾ?" ಎಂದಿತು ಹಿಂದಿನ ಸಾಲು. "ಸತ್ತಿದ್ದಕ್ಕೇ ಕಣಯ್ಯಾ ಸಂತರಾಗಿದ್ದು! ಅದಿರಲಿ, ನನ್ನ ಹೆಸರಿಗೇನು ರೋಗ ಬಂದಿದೆ?" ಎಂದು ಸೆವೆರೊ ಕತ್ತರಿಗೈ ಬೀಸಿದ.

ರಿಬೆಲ್ಲೆ ಮೂವರಿಗೂ ಹೂಂ ಅಂತ ತಲೆಯಾಡಿಸಿದ. ತೊಟ್ಟಿಯಿಂದ ಮೇಲೆದ್ದಾಗ ಅವನು ಪಿಯೊ ಮೆರ್ಕುರಿಯಾಲೆ ಸೆವೆರೊ ಆಗಿದ್ದ, ಸಾಲಾಗಿ ಸೀನುತ್ತಿದ್ದ.

ಅಷ್ಟರಲ್ಲಿ ಅವನ ಸೋದರತ್ತೆ ದೆಸೊಲಿನಾ ಕೋಲೂರಿಕೊಂಡು ಬಂದಳು. "ಇವನಿಗೆ ಯಾಕ್ರೋ ಮತ್ತೆ ನೀರು ಹೊಯ್ದಿರಿ? ಕೂಸಾಗಿದ್ದಾಗ ನಾನೇ ಹಿಂಬಾಗಿಲಿಂದ ತಂದು ಹೊಯ್ಯಿಸಿದ್ದೆ! ಆ ಹೊತ್ತಿಗೆ ಇವರಪ್ಪ ಮೆರವಣಿಗೆಯಲ್ಲಿ ಬಾವುಟ ಹಿಡಿದಿದ್ದ."

"ಯಾವ ಹೆಸರಲ್ಲಿ ತಾಯೀ?" ದೋನ್ ಕಲ್ಲಿಸ್ತೊ ದನಿ ಇಳಿಯಿತು.

"ರಿಬೆಲ್ಲೆ! ಬೇರೆ ಹೆಸರಿಟ್ರೆ ಅಪ್ಪ ಕರೆದಾಗ ಓಗೊಡ್ತಾನಾ? ಗುಟ್ಟು ಬಯಲಾಗಲ್ವಾ? ಆಗಿನ ಗುರುಗಳಿಗೆ ಅಷ್ಟು ತಿಳಿವಳಿಕೆ ಇತ್ತಪ್ಪ."

ಪಾದ್ರಿ ಹಣೆ ಒರೆಸಿಕೊಂಡರು. "ಮೊದಲನೇದೇ ಊರ್ಜಿತ. ಇವತ್ತಿನದು ಬರೀ ತಲೆಸ್ನಾನ. ರಿಬೆಲ್ಲೆ, ಬಾ, ಕೂಸನ್ನೆತ್ತಿಕೋ."

ಒಳಗಿಂದ ಬಂದು ಬಾಗಿಲಲ್ಲೇ ನಿಂತಿದ್ದ ಆಲ್ಬಾ ಎಲ್ಲ ಕೇಳಿಸಿಕೊಂಡಿದ್ದಳು.

"ಹೆಸರು ಬಿಡು ಅಂದ್ರು, ಬಿಟ್ಟೇಬಿಟ್ರಾ ಮಾವ?"

"ಗುರುಗಳು ಹೇಳಿದ್ರಲ್ಲಮ್ಮಾ..."

"ನಿಮ್ಮನ್ನ ಕರೆದಿದ್ದೇ ಆ ಹೆಸರಿಗೋಸ್ಕರ! ತಾತ ಕೊಟ್ಟ ಹೆಸರನ್ನ ಒಂದು ಚೊಂಬು ನೀರಿಗೆ ಬಿಟ್ಟವರು, ನಾಳೆ ಯಾರೋ ಕೇಳಿದ್ರೆ ನನ್ನ ಮಗಳನ್ನೂ ಬಿಟ್ಟುಕೊಡ್ತೀರ. ನಿಮಗಿಂತ ಗಿರಣಿ ಕತ್ತೆನೇ ವಾಸಿ."

"ಈಗ ಮತ್ತೆ ರಿಬೆಲ್ಲೆನೇ ಕಣಮ್ಮಾ! ನೋಡು, ಗುರುಗಳೂ ಒಪ್ಪಿದ್ರು!" ಎಂದು ಅವನು ನೀರು ತೊಟ್ಟಿಕ್ಕುವ ಕೈಗಳನ್ನು, ಕುಂಬಳಕಾಯಿಗೆ ಚಾಚಿದಂತೆಯೇ ಹದವಾಗಿ ಚಾಚಿದ.

ಆಲ್ಬಾ ಕೂಸನ್ನು ಎದೆಗವಚಿಕೊಂಡಳು.

"ಕೊಡಲ್ಲ."